ಹಡಗು ಕಟ್ಟುವ ಹುಚ್ಚಿರುವವರಿಗೆ ಕ್ರಿಸ್‌ಮಸ್‌ಗೆ ಏನು ಕೊಡೋದು?

ದಾವಣಗೆರೆಯಿಂದ ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಆದರೂ ಈ ಊರಲ್ಲಿ ರೂಮಿನ ಮೂಲೆಯಲ್ಲಿ ಒಂದು ಟೇಬಲ್ ಹಾಕಿಕೊಂಡು ಪುಟ್ಟ ಮಾದರಿ ಹಡಗು ಕಟ್ಟುವವರು ಇದ್ದಾರೆ, ಅಂಥವರಲ್ಲಿ ಒಬ್ಬರು ನಮ್ಮನೆಯವರು. ನಾನು ಕಟ್ಟುವುದಿಲ್ಲ. ಪಕ್ಕದಲ್ಲಿ ಕೂತು ನೋಡುತ್ತೇನೆ, ನೆಲಕ್ಕೆ ಬಿದ್ದ ಸಾಸಿವೆ ಗಾತ್ರದ ರಾಟೆ ಹುಡುಕಿ ಕೊಡುತ್ತೇನೆ, ಡೈನಿಂಗ್ ಟೇಬಲ್ ಮೇಲೆ ಮರದ ಪಟ್ಟಿ ಒಣಹಾಕಿದರೆ ಬೈಯುತ್ತೇನೆ. ಡಿಸೆಂಬರ್ ಬಂತೆಂದರೆ ಹರಿಹರದ ನೆಂಟರಿಂದ ಹಿಡಿದು ಅವರ ಆಫೀಸಿನ ಸೀಕ್ರೆಟ್ ಸಾಂಟಾ ಚೀಟಿ ಎತ್ತಿದ ಹುಡುಗರ ತನಕ ಎಲ್ಲರೂ ಫೋನ್ ಮಾಡುವುದು ನನಗೇ. ಅದಕ್ಕೇ ಎಲ್ಲಾ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲ ಮಾತು: ಹಡಗಿನ ಕಿಟ್, ಅಂದರೆ ಜೋಡಿಸುವ ಬಿಡಿಭಾಗಗಳೆಲ್ಲ ಇರುವ ಡಬ್ಬ, ತರಬೇಡಿ. ಎಲ್ಲರಿಗೂ ಮೊದಲು ಹೊಳೆಯುವುದೇ ಅದು. ಆದರೆ ಯಾವ ಹಡಗು ಕಟ್ಟಬೇಕು ಅನ್ನುವುದನ್ನು ಇವರು ತಿಂಗಳುಗಟ್ಟಲೆ ಯೋಚಿಸಿ, ಓದಿ, ಜಗಳ ಆಡಿ ತೀರ್ಮಾನಿಸಿರುತ್ತಾರೆ. ಮುಂದಿನದಷ್ಟೇ ಅಲ್ಲ, ಅದರ ಮುಂದಿನದು ಕೂಡ ನಿರ್ಧಾರ ಆಗಿರುತ್ತದೆ. ನೀವು ಪ್ರೀತಿಯಿಂದ ಆರು ಸಾವಿರ ಕೊಟ್ಟು ತಂದ ಕಿಟ್ ಅಟ್ಟ ಸೇರುತ್ತದೆ. ಅದರ ಬದಲು ಕೆಲಸ ಮಾಡುವಾಗ ಖಾಲಿ ಆಗುವ ಸಾಮಾನು, ಮುರಿಯುವ ಸಾಮಾನು, ಕಣ್ಣಿಗೆ ಕೈಗೆ ಸುಲಭ ಮಾಡುವ ಸಾಮಾನು ಕೊಡಿ. ಮುನ್ನೂರು ರೂಪಾಯಿಯದ್ದಾದರೂ ಮಾರನೇ ದಿನವೇ ಬಳಕೆಗೆ ಬರುತ್ತದೆ.

ಟೇಬಲ್ ಮೇಲೆ ಒಂದು ಕಣ್ಣು ಹಾಕಿ

ಹಡಗು ಕಟ್ಟುವವರೆಲ್ಲ ಒಂದೇ ಜಾತಿ ಅಲ್ಲ. ಮರದಲ್ಲಿ ಹಾಯಿಹಡಗು ಕಟ್ಟುವವರು ಬೇರೆ, ಪ್ಲಾಸ್ಟಿಕ್ ಯುದ್ಧನೌಕೆ ಜೋಡಿಸಿ ಬಣ್ಣ ಹೊಡೆಯುವವರು ಬೇರೆ, ರಿಮೋಟ್ ಹಿಡಿದು ಕೆರೆಯಲ್ಲಿ ಬೋಟ್ ಓಡಿಸುವವರು ಬೇರೆ. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಸುಮ್ನೆ ಕಸ. ಹೋದಾಗ ಟೇಬಲ್ ಮೇಲಿನ ಅಂಟು ನೋಡಿ, ಅರ್ಧ ಗೊತ್ತಾಗಿಬಿಡುತ್ತದೆ. ಫೆವಿಕಾಲ್ ಡಬ್ಬಿ ಇದ್ದರೆ ಮರ. ಮುಚ್ಚಳದಲ್ಲೇ ಬ್ರಶ್ ಇರುವ, ಮೂಗಿಗೆ ಘಾಟು ಹೊಡೆಯುವ ಗಾಜಿನ ಸಣ್ಣ ಬಾಟಲಿ ಇದ್ದರೆ ಪ್ಲಾಸ್ಟಿಕ್. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಕೂಡಿಸುವ ಅಂಟು, ಅಲ್ಲಿ ಫೆವಿಕಾಲ್ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿ ಚಾರ್ಜರ್, ವೈರು, ಅರಾಲ್ಡೈಟ್ ಟ್ಯೂಬು ಕಂಡರೆ ನೀರಿಗಿಳಿಯುವ ಬೋಟು.

ಜೊತೆಗೆ ಏನು ಮುಗಿಯುತ್ತಾ ಬಂದಿದೆ ನೋಡಿ. ಚೆನ್ನಾಗಿದ್ದು ಪಳಪಳ ಹೊಳೆಯುವುದನ್ನು ನೋಡಬೇಡಿ. ಸವೆದದ್ದನ್ನು, ಟೇಪ್ ಸುತ್ತಿದ್ದನ್ನು, ತುದಿ ಮುರಿದರೂ ಎಸೆಯದೆ ಇಟ್ಟುಕೊಂಡಿದ್ದನ್ನು ನೋಡಿ. ಅದೇ ನಿಮ್ಮ ಲಿಸ್ಟು. ಫೋಟೋ ತೆಗೆದುಕೊಂಡು ಬನ್ನಿ. ಕೇಳಿದರೆ "ಚೆನ್ನಾಗಿದೆ ಅಂತ ತೆಗೆದೆ" ಅನ್ನಿ, ಖುಷಿ ಪಡುತ್ತಾರೆ, ಅನುಮಾನ ಬರಲ್ಲ.

ಐನೂರು ರೂಪಾಯಿ ಒಳಗೆ

ಆಫೀಸಿನ ಸೀಕ್ರೆಟ್ ಸಾಂಟಾಗೆ ಇದು ಸಾಕು. 11ನೇ ನಂಬರಿನ ಬ್ಲೇಡುಗಳ ಒಂದು ಪ್ಯಾಕೆಟ್ ತನ್ನಿ, ಚೂಪು ಮೂತಿಯದು, ಪೆನ್ನಿನಂಥ ಚಾಕುವಿಗೆ ಹಾಕುವುದು. ತೆಳ್ಳನೆಯ ಮರ ಕತ್ತರಿಸುವಾಗ ಬ್ಲೇಡ್ ಸ್ವಲ್ಪ ಮೊಂಡಾದರೂ ಎಳೆ ಹರಿಯುತ್ತದೆ, ಆದರೂ ಜಿಪುಣತನಕ್ಕೆ ಹಳೆಯದರಲ್ಲೇ ತಳ್ಳುತ್ತಿರುತ್ತಾರೆ. ಸ್ಯಾಂಡ್ ಪೇಪರ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. 120, 220, 320, 400, 600 ಹೀಗೆ ಒಂದೊಂದರಲ್ಲಿ ಎರಡೆರಡು ಹಾಳೆ ತಂದು ಅಂಗೈ ಅಗಲಕ್ಕೆ ಕತ್ತರಿಸಿ, ಪ್ರತಿ ತುಂಡಿನ ಹಿಂದೆ ನಂಬರ್ ಬರೆದು ಒಂದು ಡಬ್ಬಿಯಲ್ಲಿ ಜೋಡಿಸಿ ಕೊಟ್ಟು ನೋಡಿ. ನೂರು ರೂಪಾಯಿ ಸಾಮಾನು, ಆದರೆ ಕತ್ತರಿಸಿ ನಂಬರ್ ಬರೆಯುವ ಕೆಲಸ ಅವರು ಯಾವತ್ತೂ ಮಾಡಿಕೊಳ್ಳಲ್ಲ, ಅರ್ಧ ಹರಿದ ಹಾಳೆಯಲ್ಲಿ ಇದು ಎಷ್ಟನೇ ನಂಬರ್ರೋ ಅಂತ ಬೆರಳಲ್ಲಿ ತಡವುತ್ತಾ ಕೂತಿರುತ್ತಾರೆ.

ಜೇನುಮೇಣದ ಒಂದು ಗಟ್ಟಿ ಕೊಡಿ. ಹಗ್ಗದ ಕೆಲಸಕ್ಕೆ ಹತ್ತಿ ದಾರವನ್ನು ಅದರ ಮೇಲೆ ಎಳೆದರೆ ದಾರದ ಜುಂಗು ಕೂರುತ್ತದೆ. ಜುಂಗು ಕೂರದಿದ್ದರೆ ಪುಟ್ಟ ಹಡಗಿನ ಹಗ್ಗಕ್ಕೆ ಕೂದಲು ಬಂದ ಹಾಗೆ ಕಾಣುತ್ತದೆ, ಎಷ್ಟು ಚೆನ್ನಾಗಿ ಕಟ್ಟಿದ್ದರೂ ಅಷ್ಟೇ. ಜೇನು ಮಾರುವವರ ಹತ್ತಿರ ಕೇಳಿ ನೋಡಿ. ಮೇಣದಬತ್ತಿಯ ಮೇಣ ಬೇಡ, ಅದು ಪುಡಿಪುಡಿಯಾಗಿ ಉದುರುತ್ತದೆ.

ಫೆವಿಕ್ವಿಕ್ ತರುವುದಾದರೆ ದೊಡ್ಡ ಬಾಟಲಿ ಬೇಡ, ಸಣ್ಣ ಟ್ಯೂಬುಗಳೇ ಹತ್ತು ತನ್ನಿ. ಒಂದು ಸಲ ತೆರೆದ ಮೇಲೆ ಅದು ಗಟ್ಟಿಯಾಗುವುದೇ ಜಾಸ್ತಿ.

ದಂತವೈದ್ಯರ ಸಾಮಾನು

ಇದು ದಾವಣಗೆರೆಯವರಿಗೆ ಇರುವ ಒಂದು ಅನುಕೂಲ ಅಂತ ನನಗೆ ಅನಿಸುತ್ತದೆ. ಊರಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ, ಬಾಪೂಜಿ ಡೆಂಟಲ್ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಅಲ್ಲಿನ ಹುಡುಗರಿಗೆ ಬೇಕಾದ ಸಾಮಾನು ಊರಲ್ಲೇ ಕೊಳ್ಳಬಹುದು, ಅವುಗಳಲ್ಲಿ ಅರ್ಧಕ್ಕರ್ಧ ಹಡಗು ಕಟ್ಟುವುದಕ್ಕೆ ಮಾಡಿಸಿದ ಹಾಗೆ ಇರುತ್ತವೆ. ನಮ್ಮ ಅಕ್ಕನ ಮಗಳು ಅಲ್ಲೇ ಓದುತ್ತಾಳೆ. ಅವಳು ಒಂದು ಸಲ ಚಿಕ್ಕಪ್ಪನ ಟೇಬಲ್ ನೋಡಿ, "ಚಿಕ್ಕಮ್ಮ, ಇದೆಲ್ಲ ನಮ್ಮ ಕಿಟ್ಟಲ್ಲೇ ಇದೆಯಲ್ಲ" ಅಂದಳು.

ಹಲ್ಲಿನ ಸಂದು ನೋಡುವ ಕೊಕ್ಕೆ ಕಡ್ಡಿ ಇದೆಯಲ್ಲ, ದಾರದ ಗಂಟಿನ ಒಳಗಿಂದ ಇನ್ನೊಂದು ದಾರ ಎಳೆಯಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಬಾಗಿದ ಮೂತಿಯ ಚಿಮಟ, ಮೇಣ ಕೆತ್ತುವ ಚಮಚದಂಥ ಕಡ್ಡಿ, ಪುಟ್ಟ ಕನ್ನಡಿ. ಕನ್ನಡಿ ಯಾಕೆ ಅಂದರೆ ಡೆಕ್ಕಿನ ಕೆಳಗೆ, ಫಿರಂಗಿಯ ಹಿಂದೆ ಅಂಟು ಸರಿಯಾಗಿ ಕೂತಿದೆಯಾ ನೋಡಲು ತಲೆ ಒಳಗೆ ಹೋಗಲ್ಲ, ಅದಕ್ಕೆ.

ಬರ್ ಅಂತ ಕರೆಯುವ ಸಣ್ಣ ಕೊರೆಯುವ ತುದಿಗಳೂ ಸಿಗುತ್ತವೆ. ಇಲ್ಲಿ ಸ್ವಲ್ಪ ಹುಷಾರು. ದಂತವೈದ್ಯರು ಕೈಯಲ್ಲಿ ಹಿಡಿಯುವ ಕೊರೆಯುವ ಯಂತ್ರಕ್ಕೆ ಹ್ಯಾಂಡ್‌ಪೀಸ್ ಅನ್ನುತ್ತಾರೆ. ನೇರ ಹ್ಯಾಂಡ್‌ಪೀಸಿಗೆ ಹಾಕುವ ಬರ್‌ನ ಕಡ್ಡಿ 2.35 ಮಿ.ಮೀ. ದಪ್ಪ, ಮಾಮೂಲಿ ರೋಟರಿ ಟೂಲಿನ (ಗರಗರ ತಿರುಗುವ ಪುಟ್ಟ ಕರೆಂಟ್ ಮಷಿನ್ನಿನ) 2.4 ಮಿ.ಮೀ. ಕಾಲೆಟ್ಟಿಗೆ, ಅಂದರೆ ತುದಿ ಕಚ್ಚಿ ಹಿಡಿಯುವ ಬಾಯಿಗೆ, ಅದು ಕೂರುತ್ತದೆ. ಹೈ ಸ್ಪೀಡ್ ಹ್ಯಾಂಡ್‌ಪೀಸಿನದು 1.6 ಮಿ.ಮೀ., ಅದಕ್ಕೆ ಬೇರೆ ಕಾಲೆಟ್ ಬೇಕು. ಅಂಗಡಿಯಲ್ಲಿ ಹೀಗೇ ಕೇಳಿ. ಮತ್ತೆ ಹೊಸದನ್ನೇ ಕೊಳ್ಳಿ. ರೋಗಿಗಳ ಬಾಯಿಗೆ ಹೋಗಿಬಂದ ಹಳೇ ಬರ್ ಪುಕ್ಕಟೆ ಕೊಡುತ್ತೇವೆ ಅಂದರೂ ಬೇಡ, ಅದು ಯಾರದೋ ಕ್ಲಿನಿಕ್ಕಿನ ಕಸದ ಬುಟ್ಟಿಯಲ್ಲೇ ಇರಲಿ.

ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗೂ ಒಂದು ಸುತ್ತು ಹಾಕಿ. ಸಣ್ಣ ಅರಗಳ ಸೆಟ್, ನೂಲಿನಂಥ ಬ್ಲೇಡಿನ ಗರಗಸ, ಕೈಯಲ್ಲಿ ತಿರುಗಿಸಿ ಸಣ್ಣ ತೂತು ಕೊರೆಯುವ ಪಿನ್ ವೈಸ್, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೂಪು, ಎಲ್ಲಾ ಅಲ್ಲಿ ಕೇಳಬಹುದು. ಆನ್‌ಲೈನಲ್ಲಿ 'ಹಾಬಿ ಟೂಲ್' ಅಂತ ಹೆಸರು ಬಿದ್ದ ತಕ್ಷಣ ರೇಟು ಏರುತ್ತದೆ. ಪಿನ್ ವೈಸ್ ಈಗಾಗಲೇ ಇದ್ದರೆ ಅದಕ್ಕೆ ಹಾಕುವ 0.5ರಿಂದ 1 ಮಿ.ಮೀ. ಡ್ರಿಲ್ ಬಿಟ್‌ಗಳನ್ನು ಕೊಡಿ, ಅವು ಮುರಿಯುತ್ತಲೇ ಇರುತ್ತವೆ. ಹೈ ಸ್ಪೀಡ್ ಸ್ಟೀಲಿನದು ತೆಗೆದುಕೊಳ್ಳಿ. ಸರ್ಕ್ಯೂಟ್ ಬೋರ್ಡ್ ಕೊರೆಯುವ ಕಾರ್ಬೈಡ್ ಬಿಟ್ ಅಗ್ಗಕ್ಕೆ ಸಿಗುತ್ತದೆ, ಆದರೆ ಕೈಯಲ್ಲಿ ಹಿಡಿದು ಕೊರೆಯುವಾಗ ಒಂಚೂರು ಓರೆಯಾದರೆ ಟಕ್ ಅಂತ ಮುರಿಯುತ್ತದೆ.

ಬೆಳಕು ಮತ್ತು ಕಣ್ಣು

ನಲವತ್ತು ದಾಟಿದವರಿಗೆ ನೀವು ಏನೂ ಯೋಚನೆ ಮಾಡದೆ ಕೊಡಬಹುದಾದದ್ದು ಒಳ್ಳೆಯ ಲ್ಯಾಂಪು, ಅಥವಾ ಹಣೆಗೆ ಕಟ್ಟಿಕೊಳ್ಳುವ ಭೂತಗನ್ನಡಿ. ಯಾಕೆ ಅಂತ ಒಂದು ಕೆಲಸ ಹೇಳುತ್ತೇನೆ. ಹಾಯಿಹಡಗಿನ ಕಂಬದ ಎರಡೂ ಪಕ್ಕ ಏಣಿಯ ಹಾಗೆ ಹಗ್ಗ ಇರುತ್ತದೆ, ನಾವಿಕರು ಹತ್ತುವುದಕ್ಕೆ. ಅಸಲಿ ಹಡಗಲ್ಲಿ ಮೆಟ್ಟಿಲಿಂದ ಮೆಟ್ಟಿಲಿಗೆ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ. 1:100 ಅಳತೆಯಲ್ಲಿ ಅದು ಮೂರೂವರೆ ಮಿಲಿಮೀಟರ್. ಉದ್ದದ ಹಗ್ಗ ಪ್ರತಿಯೊಂದಕ್ಕೂ ಅಡ್ಡ ದಾರ ಸುತ್ತಿ ಗಂಟು ಹಾಕಬೇಕು, ಬಿಗಿ ಜಾಸ್ತಿ ಆದರೆ ಏಣಿ ಮಧ್ಯದಲ್ಲಿ ಸೊಂಟ ಮುರಿದ ಹಾಗೆ ಒಳಗೆ ಸೇರಿಕೊಳ್ಳುತ್ತದೆ, ಸಡಿಲ ಆದರೆ ಜೋಲುತ್ತದೆ. ಗಂಟಿನ ಮೇಲೆ ನೀರು ಬೆರೆಸಿದ ಫೆವಿಕಾಲಿನ ಒಂದು ಹನಿ, ಅದೂ ಸೂಜಿ ಮೊನೆಯಲ್ಲಿ. ಒಂದು ಹಡಗಿಗೆ ಇಂಥವು ಸಾವಿರದ ಲೆಕ್ಕದಲ್ಲಿ ಇರುತ್ತವೆ. ಟ್ಯೂಬ್‌ಲೈಟ್ ಬೆಳಕಲ್ಲಿ, ಕಪ್ಪು ದಾರಕ್ಕೆ ಕಪ್ಪು ದಾರ ಕಟ್ಟುತ್ತಾ ರಾತ್ರಿ ಹನ್ನೊಂದರ ತನಕ ಕೂತವರ ಕಣ್ಣು ಬೆಳಿಗ್ಗೆ ನೋಡಬೇಕು ನೀವು.

ಲ್ಯಾಂಪ್ ತೆಗೆದುಕೊಳ್ಳುವಾಗ ಕತ್ತು ಬೇಕಾದ ಕಡೆ ಬಗ್ಗಬೇಕು, ಟೇಬಲ್ ಅಂಚಿಗೆ ಕಚ್ಚಿಕೊಳ್ಳುವ ಕ್ಲಾಂಪ್ ಇರಬೇಕು. ಡಬ್ಬದ ಮೇಲೆ ಸಿ.ಆರ್.ಐ. (ಆ ಬೆಳಕಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಂಕಿ) 90 ಅಥವಾ ಜಾಸ್ತಿ ಅಂತ ಇದ್ದರೆ ಬಣ್ಣ ಹೊಡೆಯುವವರಿಗೆ ತುಂಬಾ ಅನುಕೂಲ, ಕಡಿಮೆ ಇದ್ದರೆ ಕಂದು ಬಣ್ಣಗಳೆಲ್ಲ ಒಂದೇ ಥರ ಕಾಣುತ್ತವೆ. ರೀಚಾರ್ಜ್ ಆಗುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಕರೆಂಟ್ ಹೋಗುವುದು ಸರಿಯಾಗಿ ಅಂಟು ಹಾಕಿದ ಕ್ಷಣಕ್ಕೇ, ಅಲ್ವಾ?

ಮರ

ಮರ ಕೊಡುತ್ತೇನೆ ಅಂತ ಸಾಮಿಲ್ಲಿಗೆ ಹೋಗಿ ಸಾಗುವಾನಿ ತುಂಡು ತರುವವರಿದ್ದಾರೆ. ಸಾಗುವಾನಿ ಬಾಗಿಲಿಗೆ ಚೆಂದ. ಪುಟ್ಟ ಹಡಗಿಗೆ ಅದರ ಎಳೆ ತುಂಬಾ ದಪ್ಪ. ಅಸಲಿ ಹಡಗಲ್ಲಿ ಅಷ್ಟು ದಪ್ಪದ ಎಳೆ ಇರಬೇಕಾದರೆ ಮರ ಬೆಟ್ಟದಷ್ಟು ಇರಬೇಕಿತ್ತು. ಎಳೆ ಕಾಣದ, ನುಣುಪಾದ ಮರ ಬೇಕು. ಕಿಟ್‌ಗಳಲ್ಲಿ ಬಾಸ್‌ವುಡ್, ವಾಲ್‌ನಟ್, ಪೇರ್ ಮರದ ಪಟ್ಟಿ ಬರುತ್ತವೆ. ನಮ್ಮ ಕಡೆ ಸಿಗುವುದರಲ್ಲಿ ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಇದಕ್ಕೆ ಹೇಳಿ ಮಾಡಿಸಿದ್ದು: ಬಿಳುಪು, ನುಣುಪು, ಚೆನ್ನಾಗಿ ಕೆತ್ತನೆ ಹಿಡಿಯುತ್ತದೆ. ಬೆಂಗಳೂರಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಯಾರಾದರೂ ಇಳಿಯುವವರಿದ್ದರೆ ಗೊಂಬೆ ಬದಲು ಒಣಗಿದ ನಾಲ್ಕು ತುಂಡು ಮರ ಕೇಳಿ ತರಿಸಿ.

ಹೊಸದಾಗಿ ಕಟ್ಟಲು ಶುರು ಮಾಡಿದವರಾದರೆ ಪಟ್ಟಿ ಬಗ್ಗಿಸುವುದಕ್ಕೆ ಒದ್ದಾಡುತ್ತಿರುತ್ತಾರೆ. ಒಂದೂವರೆ ಮಿ.ಮೀ. ದಪ್ಪದ ಪಟ್ಟಿಯನ್ನು ಬಿಸಿನೀರಲ್ಲಿ ನೆನೆಸಿ, ಬಿಸಿ ಮಾಡಿ ಹಡಗಿನ ಮೂತಿಯ ಆಕಾರಕ್ಕೆ ತರಬೇಕು. ಇದಕ್ಕೆ ಅಂತಲೇ ಮಾರುವ ಇಕ್ಕಳ ಇದೆ, ಪಟ್ಟಿಯ ಒಂದು ಪಕ್ಕ ಕಚ್ಚಿ ಕಚ್ಚಿ ಬಗ್ಗಿಸುತ್ತದೆ. ಅದನ್ನು ತರಬೇಡಿ, ಕಚ್ಚಿದ ಗುರುತು ಉಳಿಯುತ್ತದೆ. ಕೂದಲು ಗುಂಗುರು ಮಾಡುವ ಕರ್ಲಿಂಗ್ ಐರನ್ ತನ್ನಿ. ದುಂಡಗಿನ ಬಿಸಿ ಕೊಳವೆ, ಶಾಖ ಹೆಚ್ಚು ಕಡಿಮೆ ಮಾಡಬಹುದು, ಒದ್ದೆ ಪಟ್ಟಿಯನ್ನು ಅದರ ಮೇಲೆ ನಿಧಾನಕ್ಕೆ ಒತ್ತಿ ಹಿಡಿದರೆ ಬಾಗಿದ ಹಾಗೇ ನಿಲ್ಲುತ್ತದೆ. ಗಂಡಸರಿಗೆ ಇದನ್ನು ಗಿಫ್ಟ್ ಪ್ಯಾಕ್ ಮಾಡಿ ಕೊಟ್ಟಾಗ ಮುಖ ನೋಡುವುದೇ ಒಂದು ಮಜಾ.

ಇನ್ನೊಂದು ಸಣ್ಣ ಸಾಮಾನು, ಗಾಳಿಯ ತೇವ ತೋರಿಸುವ ಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಮ್ಮ ಕಡೆ ಫೆಬ್ರವರಿ, ಮಾರ್ಚ್ ಅಂದರೆ ಗಾಳಿ ಒಣಒಣ, ಮರ ಕುಗ್ಗಿ ಪಟ್ಟಿಗಳ ಮಧ್ಯೆ ಗೆರೆ ಬಿಡುತ್ತದೆ. ಮಳೆಗಾಲಕ್ಕೆ ಮತ್ತೆ ಉಬ್ಬುತ್ತದೆ, ಹತ್ತಿ ದಾರ ಬಿಗಿಯಾಗಿ ಕಂಬ ಎಳೆಯುತ್ತದೆ. ತೇವ ಎಷ್ಟಿದೆ ಅಂತ ಗೊತ್ತಿದ್ದರೆ ಯಾವತ್ತು ಅಂಟು ಹಾಕಬೇಕು, ಯಾವತ್ತು ಬಿಡಬೇಕು ಅನ್ನುವ ಲೆಕ್ಕ ಸಿಗುತ್ತದೆ.

ಹಡಗಿನ ನಕ್ಷೆ

ನನ್ನ ಕೇಳಿದರೆ ಉಡುಗೊರೆಗಳಲ್ಲಿ ರಾಜ ಅಂದರೆ ಇದೇ, ಆದರೆ ಕಿಟ್ ಇಲ್ಲದೆ ಸ್ವಂತ ಕಟ್ಟುವಷ್ಟು ಕೈ ಪಳಗಿದವರಿಗೆ ಮಾತ್ರ. ಲಂಡನ್ನಿನ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನವರು ಹಳೇ ಹಡಗುಗಳ ಮೂಲ ನಕ್ಷೆಯ ಪ್ರತಿ ಮಾರುತ್ತಾರೆ. ಎಲ್ಲರೂ ಕಟ್ಟುವುದು ವಿಕ್ಟರಿ ಅನ್ನುವ ಬ್ರಿಟಿಷ್ ಯುದ್ಧನೌಕೆ. ನಿಜ, ಅದು ದೊಡ್ಡ ಹಡಗೇ, 1765ರಲ್ಲಿ ನೀರಿಗಿಳಿದದ್ದು, 1805ರ ಟ್ರಫಾಲ್ಗರ್ ಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್ ಸತ್ತದ್ದು ಅದರ ಮೇಲೆ, 104 ಫಿರಂಗಿ, 37 ಹಾಯಿ. ಆದರೆ ನಮ್ಮದೇ ಕಥೆ ಇರುವ ಹಡಗು ಕೊಡಿ ಅನ್ನುತ್ತೇನೆ ನಾನು. ಟ್ರಿಂಕೋಮಲಿ ಅಂತ ಒಂದಿದೆ. ಬ್ರಿಟಿಷ್ ನೌಕಾಪಡೆಗೆ ಮುಂಬೈಯಲ್ಲಿ ವಾಡಿಯಾ ಮನೆತನದವರು ತೇಗದ ಮರದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದರು. ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರ ಮೇಲೇ ನಿಂತಿದೆ.

ಇನ್ನೂ ಹತ್ತಿರದ್ದು ಬೇಕೆಂದರೆ ಕೌಂಡಿನ್ಯ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನಮ್ಮ ನೌಕಾಪಡೆಗೆ ಸೇರಿತು. ಅಜಂತಾ ಗುಹೆಯ ಚಿತ್ರದಲ್ಲಿರುವ 5ನೇ ಶತಮಾನದ ಹಡಗನ್ನು ನೋಡಿಕೊಂಡು ಮಾಡಿದ್ದು. ಹಲಗೆಗಳಿಗೆ ಮೊಳೆ ಹೊಡೆದಿಲ್ಲ, ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದಾರೆ. ಅದರ ಫೋಟೋಗಳನ್ನು ಎಲ್ಲಾ ದಿಕ್ಕಿಂದ ಹುಡುಕಿ, ಒಳ್ಳೆಯ ಪೇಪರಲ್ಲಿ ಪ್ರಿಂಟ್ ಹಾಕಿಸಿ ಒಂದು ಫೈಲ್ ಮಾಡಿ ಕೊಟ್ಟರೂ ಸಾಕು, ಆ ಮನುಷ್ಯ ಸಂಕ್ರಾಂತಿ ತನಕ ಮಾತಾಡಲ್ಲ.

ನಕ್ಷೆ ಫೈಲಾಗಿ ಸಿಕ್ಕಿದ್ದರೆ ಪ್ರಿಂಟ್ ಹಾಕಿಸುವುದು ನಿಮ್ಮ ಕೆಲಸ. ಇಂಜಿನಿಯರಿಂಗ್ ಕಾಲೇಜುಗಳು ಇರುವ ಊರು ಇದು, ಮನೆ ಪ್ಲಾನ್ ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕುವವರನ್ನು ಹುಡುಕಿ. ಅವರಿಗೆ ಒಂದೇ ಮಾತು ಒತ್ತಿ ಹೇಳಿ: 'ಫಿಟ್ ಟು ಪೇಜ್' ಹಾಕಬೇಡಿ, ನೂರಕ್ಕೆ ನೂರು ಸೈಜಲ್ಲೇ ತೆಗೆಯಿರಿ. ನಕ್ಷೆಯಲ್ಲಿರುವ ಅಳತೆ ಪಟ್ಟಿಯ ಮೇಲೆ ಅಲ್ಲೇ ಸ್ಕೇಲ್ ಇಟ್ಟು ನೋಡಿ. ನೂರಕ್ಕೆ ಎರಡು ಪಾಲು ಕಡಿಮೆ ಬಂದರೂ ಅದು ಗೋಡೆಗೆ ಅಂಟಿಸಲು ಮಾತ್ರ ಲಾಯಕ್ಕು.

ಗಾಜಿನ ಪೆಟ್ಟಿಗೆ

ಮುಗಿದ ಹಡಗು ಮನೆಯಲ್ಲಿದ್ದರೆ ನಾಲ್ಕೈದು ಜನ ಸೇರಿ ದುಡ್ಡು ಹಾಕಿ ಇದನ್ನು ಮಾಡಿಸಿ. ಈ ಊರಿನ ಧೂಳಿಗೆ ಮುಚ್ಚದ ಹಡಗು ಒಂದು ವರ್ಷದಲ್ಲಿ ಬಣ್ಣ ಬದಲಿಸುತ್ತದೆ. ಹಗ್ಗದ ಕೆಲಸ ಇರುವುದನ್ನು ಬಟ್ಟೆಯಲ್ಲಿ ಒರೆಸುವ ಮಾತೇ ಇಲ್ಲ. ಕಿಟಕಿಗೆ ಅಲ್ಯೂಮಿನಿಯಂ, ಗಾಜು ಕೂರಿಸುವವರೇ ಮಾಡಿಕೊಡುತ್ತಾರೆ, ಕೆಳಗಿನ ಹಲಗೆಗೆ ಬಡಗಿ. ಅಳತೆ ತೆಗೆಯುವಾಗ ಹಡಗಿನ ಒಡಲು ಅಳೆದರೆ ಸಾಲದು. ಮುಂದೆ ಚಾಚಿರುವ ಕೋಲಿನ ತುದಿಯಿಂದ ಹಿಂದಿನ ತುದಿಗೆ ಉದ್ದ, ಕಂಬಕ್ಕೆ ಅಡ್ಡ ಕಟ್ಟಿದ ಅತಿ ಉದ್ದದ ಕೋಲಿನ ಅಗಲ, ಸ್ಟ್ಯಾಂಡ್ ಸೇರಿಸಿ ಎತ್ತರ. ಎಲ್ಲಾ ಕಡೆ ಐದು ಸೆಂಟಿಮೀಟರ್ ಬಿಟ್ಟುಕೊಡಿ. ಹಿಂದಿನ ಮೂಲೆಯಲ್ಲಿ ಕೆಳಗೊಂದು ಮೇಲೊಂದು ಸಣ್ಣ ತೂತು ಹಾಕಿಸಿ, ಒಳಗೆ ಜಾಲರಿ ಅಂಟಿಸಿ. ಪೂರ್ತಿ ಮುಚ್ಚಿದರೆ ಮರದಿಂದ, ಬಣ್ಣದಿಂದ ಬರುವ ಆವಿ ಒಳಗೇ ಕೂತು, ಸೀಸದಲ್ಲಿ ಎರಕ ಹೊಯ್ದ ಫಿರಂಗಿ ಏನಾದರೂ ಇದ್ದರೆ ಬಿಳಿ ಪುಡಿಯಾಗಿ ತಿಂದುಹಾಕುತ್ತದೆ.

ಕೆರೆಗೆ ಬಿಡುವವರಿಗೆ

ರಿಮೋಟ್ ಬೋಟಿನವರಿಗೆ ಬಿಡಿ ಪ್ರೊಪೆಲ್ಲರ್, ಶಾಫ್ಟಿಗೆ ಹಾಕುವ ನೀರು ತಡೆಯುವ ಗ್ರೀಸು, ಲಿಥಿಯಂ ಬ್ಯಾಟರಿ ಇಟ್ಟು ಚಾರ್ಜ್ ಮಾಡುವ ಬೆಂಕಿ ತಡೆಯುವ ಚೀಲ ಕೊಡಿ. ಚೀಲ ಅಂತೂ ಮನೆಯವರೆಲ್ಲರಿಗೂ ಉಡುಗೊರೆ. ಮರದ ಬೋಟ್ ಆದರೆ ಫೆವಿಕಾಲ್ ಮರೀನ್. ಕುಂದುವಾಡ ಕೆರೆ ಕುಡಿಯುವ ನೀರಿನ ಕೆರೆ, ಪಾಲಿಕೆಯವರನ್ನು ಕೇಳದೆ ಅಲ್ಲಿ ಇಳಿಸುವ ಪ್ಲಾನ್ ಹಾಕಬೇಡಿ, ಪೆಟ್ರೋಲ್ ಇಂಜಿನ್ನಿನ ಮಾತಂತೂ ಬೇಡವೇ ಬೇಡ. ಕಳೆ ಇರುವ ಕೆರೆಯಲ್ಲಿ ಪ್ರೊಪೆಲ್ಲರ್ ಸಿಕ್ಕಿಹಾಕಿಕೊಳ್ಳುತ್ತದೆ. ಮಧ್ಯದಲ್ಲಿ ನಿಂತ ಬೋಟನ್ನು ಎಳೆದು ತರಲು ಗಾಳದ ಕೋಲು, ನೂಲು, ತುದಿಗೆ ಒಂದು ಟೆನಿಸ್ ಬಾಲ್ ಸಾಕು.

ಕಿಟ್ಟೇ ಕೊಡಬೇಕು ಅನ್ನುವ ಹಟ ಇದ್ದರೆ

ಇನ್ನೂ ಶುರುವೇ ಮಾಡದವರಿಗೆ ಮಾತ್ರ. ಅದರಲ್ಲೂ ಮೂರು ಕಂಬದ ಹಡಗು ಬೇಡ, ಡಬ್ಬದ ಮೇಲಿನ ಚಿತ್ರ ಎಷ್ಟೇ ಚೆಂದ ಇದ್ದರೂ. ಸಣ್ಣ ದೋಣಿ ಕೊಡಿ. ಅಮೆರಿಕದ ಮಾಡೆಲ್ ಶಿಪ್‌ವೇಸ್‌ನವರು ಹೊಸಬರಿಗೆ ಅಂತಲೇ ಹಂತಹಂತವಾಗಿ ಮೂರು ದೋಣಿಯ ಕಿಟ್ ಮಾಡಿದ್ದಾರೆ, ಮೊದಲನೆಯದು ಮೀನು ಹಿಡಿಯುವ ಡೋರಿ. ಹೊರದೇಶದಿಂದ ತರಿಸುವುದಾದರೆ ಡಬ್ಬದ ಮೇಲೆ ಗಿಫ್ಟ್ ಅಂತ ಬರೆಸಿದರೂ ಕಸ್ಟಮ್ಸ್ ಸುಂಕ ತಪ್ಪುವುದಿಲ್ಲ, ಅದನ್ನು ಬಜೆಟ್ಟಿಗೆ ಸೇರಿಸಿಕೊಳ್ಳಿ. ನವೆಂಬರಲ್ಲೇ ಆರ್ಡರ್ ಹಾಕಿ. ಸ್ಪ್ರೇ ಪೇಂಟ್, ಥಿನ್ನರ್ ಇಂಥವು ವಿಮಾನದಲ್ಲಿ ಹೋಗಲ್ಲ, ಊರಲ್ಲೇ ಕೊಳ್ಳಿ.

ಕೊಡಬಾರದ್ದು ಅಂದರೆ ಶೋಕೇಸಿನ ರೆಡಿಮೇಡ್ ಹಡಗು. ಅದಕ್ಕೆ ಹಾಯಿ ತಲೆಕೆಳಗೆ ಇರುತ್ತದೆ, ಹಗ್ಗ ಎಲ್ಲಿಂದಲೋ ಎಲ್ಲಿಗೋ. ಸಾಲದ್ದಕ್ಕೆ ಅಂಗಡಿಯವನು ವಾಸ್ತು ಬೇರೆ ಹೇಳಿ ಕಳಿಸುತ್ತಾನೆ, ಹಡಗಿನ ಮೂತಿ ಮನೆ ಒಳಗೆ ಇರಲಿ, ಬಾಗಿಲ ಕಡೆ ತಿರುಗಿದರೆ ದುಡ್ಡು ಹೊರಗೆ ಹೋಗುತ್ತೆ ಅಂತ. ಹಡಗು ಕಟ್ಟುವವರ ಮನೆಯಲ್ಲಿ ದುಡ್ಡು ಹೊರಗೆ ಹೋಗುವುದಕ್ಕೆ ಮೂತಿ ಯಾವ ಕಡೆ ಇದ್ದರೂ ಒಂದೇ.

ಟೂಲ್ ಕೊಟ್ಟರೆ ಬಿಲ್ ಜೊತೆಗಿಡಿ, ಒಂದೇ ಅರ ಎರಡು ಬಂದರೆ ಬದಲಾಯಿಸಿಕೊಳ್ಳುತ್ತಾರೆ. ಬ್ಲೇಡಿನ ಪ್ಯಾಕೆಟ್ಟನ್ನು ಮಾತ್ರ ಕ್ರಿಸ್‌ಮಸ್ ಟ್ರೀ ಕೆಳಗೆ, ಗೋದಲಿ ಪಕ್ಕ ಇಡಬೇಡಿ, ಮಕ್ಕಳು ತಮ್ಮದೇ ಅಂತ ಬಿಚ್ಚುತ್ತಾರೆ. ಕೈಗೇ ಕೊಡಿ.